ಸುಳ್ಯದ ರಬ್ಬರ್ ತೋಟದ ತಮಿಳರು ನಿರಾಶ್ರಿತರಾ? ಎರಡು ಸರ್ಕಾರಗಳ ಒಂದು ಒಪ್ಪಂದದ ಕತೆ

ಓದುಗರ ಪ್ರಶ್ನೆ: ನಮ್ಮೂರು ಸುಳ್ಯ ತಾಲ್ಲೂಕು. ಹತ್ತಿರದಲ್ಲೇ ಅರಣ್ಯ ಅಭಿವೃದ್ಧಿ ನಿಗಮದ ರಬ್ಬರ್ ತೋಟ ಇದೆ. ಅಲ್ಲಿ ಕೆಲಸ ಮಾಡುವ ತಮಿಳರು ಶ್ರೀಲಂಕಾದಿಂದ ಬಂದವರು. ಕೆಲವರು ಅವರನ್ನು ನಿರಾಶ್ರಿತರು ಅನ್ನುತ್ತಾರೆ, ಎಲ್‌ಟಿಟಿಇ ಯುದ್ಧದ ಕಾಲದಲ್ಲಿ ಓಡಿ ಬಂದವರು ಅನ್ನುತ್ತಾರೆ. ಇನ್ನು ಕೆಲವರು ಸರ್ಕಾರವೇ ಕರೆದುಕೊಂಡು ಬಂತು ಅನ್ನುತ್ತಾರೆ. ಯಾವುದು ನಿಜ? ಸರ್ಕಾರವೇ ಕರೆತಂದಿದ್ದರೆ ಯಾಕೆ? ಅವರ ಮಕ್ಕಳು ಪೌರತ್ವಕ್ಕೆ ಈಗ ಏನಾದರೂ ಅರ್ಜಿ ಹಾಕಬೇಕಾ?

ಉತ್ತರ:

ಸರ್ಕಾರವೇ ಕರೆತಂದಿತು ಅನ್ನುವವರ ಮಾತು ಸರಿ. ಸುಳ್ಯ, ಪುತ್ತೂರು ಭಾಗದ ರಬ್ಬರ್ ತೋಟಗಳಿಗೆ ಬಂದ ಈ ಕುಟುಂಬಗಳು ಭಾರತದ ಪಾಸ್‌ಪೋರ್ಟ್ ಹಿಡಿದುಕೊಂಡೇ ಬಂದವು. ರಾಮೇಶ್ವರದಲ್ಲಿ ಹಡಗಿನಿಂದ ಇಳಿಯುವಾಗಲೇ ಅವರು ಭಾರತದ ಪ್ರಜೆಗಳಾಗಿದ್ದರು. ಶ್ರೀಲಂಕಾದ ಅಂತರ್ಯುದ್ಧ ಶುರುವಾಗಿದ್ದು 1983ರಲ್ಲಿ. ಇವರನ್ನು ಇಲ್ಲಿಗೆ ಕರೆತಂದ ಒಪ್ಪಂದಕ್ಕೆ ಸಹಿ ಬಿದ್ದದ್ದು 1964ರ ಅಕ್ಟೋಬರ್ 30ರಂದು, ದೆಹಲಿಯಲ್ಲಿ. ಸಹಿ ಹಾಕಿದವರು ಪ್ರಧಾನಿ ಲಾಲ್ ಬಹದ್ದೂರ್ ಶಾಸ್ತ್ರಿ ಮತ್ತು ಆಗ ಸಿಲೋನ್ ಎನ್ನುತ್ತಿದ್ದ ದೇಶದ ಪ್ರಧಾನಿ ಸಿರಿಮಾವೋ ಬಂಡಾರನಾಯಿಕೆ.

ಯಾಕೆ ಎಂಬುದಕ್ಕೆ ಉತ್ತರ ಉದ್ದ ಇದೆ. ಭಾರತ ಮತ್ತು ಶ್ರೀಲಂಕಾ ಸಂಬಂಧದ ಬಗ್ಗೆ ಮಾತು ಬಂದರೆ ನಾವೆಲ್ಲ ಶಾಂತಿಪಾಲನಾ ಪಡೆ, ಕಚ್ಚತೀವು, ಹಂಬನ್‌ತೋಟ ಬಂದರು ಎನ್ನುತ್ತೇವೆ. ನನ್ನನ್ನು ಕೇಳಿದರೆ, ಆ ಸಂಬಂಧದಲ್ಲಿ ಅತಿ ಹೆಚ್ಚು ಜನರ ಬದುಕನ್ನು ತಿರುಗಿಸಿದ್ದು ಈ 1964ರ ಒಪ್ಪಂದ. ಅದರ ಬಗ್ಗೆಯೇ ನಮಗೆ ಅತಿ ಕಡಿಮೆ ಗೊತ್ತು.

ಇವರ ಹಿರಿಯರು ಸಿಲೋನ್‌ಗೆ ಹೋಗಿದ್ದು ಬ್ರಿಟಿಷರ ಕಾಲದಲ್ಲಿ. 1820ರ ದಶಕದಿಂದ ಕ್ಯಾಂಡಿ ಸುತ್ತಮುತ್ತಲಿನ ಬೆಟ್ಟಗಳಲ್ಲಿ ಕಾಫಿ ತೋಟಗಳು ಎದ್ದವು. ಕೆಲಸಕ್ಕೆ ಜನ ಬೇಕಿತ್ತು. ತಿರುಚಿನಾಪಳ್ಳಿ, ಮಧುರೈ, ಸೇಲಂ, ರಾಮನಾಥಪುರ, ಪುದುಕೋಟೆ ಕಡೆಯ ಬಡವರನ್ನು, ಅದರಲ್ಲೂ ಜಾತಿಯ ಕಾರಣಕ್ಕೆ ಭೂಮಿಯೇ ಇಲ್ಲದವರನ್ನು, ಕಂಗಾಣಿಗಳು ಒಟ್ಟು ಮಾಡಿ ಕರೆದೊಯ್ದರು. ಕಂಗಾಣಿ ಅಂದರೆ ಆಳುಗಳ ಮೇಸ್ತ್ರಿ. ಮುಂಗಡ ಸಾಲ ಕೊಡುವವನೂ ಅವನೇ, ಹಾಜರಿ ಹಾಕುವವನೂ ಅವನೇ. ಮನ್ನಾರ್ ತೀರದಲ್ಲಿ ದೋಣಿ ಇಳಿದು ಕಾಡಿನ ದಾರಿಯಲ್ಲಿ ಮಾತಳೆವರೆಗೆ ನಡೆಯಬೇಕಿತ್ತು. ಕಾಲರಾ, ಮಲೇರಿಯಾ, ಹಸಿವು. ದಾರಿಯಲ್ಲೇ ಸತ್ತವರಿಗೆ ಲೆಕ್ಕವಿಲ್ಲ. 1869ರ ಹೊತ್ತಿಗೆ ಕಾಫಿ ಎಲೆಗೆ ತುಕ್ಕು ರೋಗ ಬಿತ್ತು, ಕೆಲವೇ ವರ್ಷಗಳಲ್ಲಿ ಕಾಫಿ ಹೋಗಿ ಚಹಾ ಬಂತು. ಕಾಫಿಗೆ ಕೊಯ್ಲಿನ ಕಾಲದಲ್ಲಿ ಮಾತ್ರ ಜಾಸ್ತಿ ಜನ ಸಾಕು, ಚಹಾ ಚಿಗುರು ಕೀಳಲು ವರ್ಷವಿಡೀ ಬೇಕು. ಹಾಗಾಗಿ ಬಂದುಹೋಗುತ್ತಿದ್ದವರು ಅಲ್ಲೇ ನಿಂತರು. ಹತ್ತಡಿ ಹನ್ನೆರಡಡಿಯ ಲೈನ್ ಮನೆಗಳಲ್ಲಿ ಸಂಸಾರ ಹೂಡಿದರು. ಹ್ಯಾಟನ್, ನುವಾರ ಎಲಿಯ, ಬದುಳ್ಳ ಕಡೆ ಮೂರು ನಾಲ್ಕು ತಲೆಮಾರು ಹುಟ್ಟಿ ಬೆಳೆಯಿತು. ಜಾಫ್ನಾ ಕಡೆಯ ತಮಿಳರು ಬೇರೆ, ಅವರು ಆ ದ್ವೀಪದಲ್ಲಿ ಅನೇಕ ಶತಮಾನಗಳಿಂದ ಇರುವವರು. ಈ ವ್ಯತ್ಯಾಸ ನೆನಪಿಡಿ, ಮುಂದೆ ಬೇಕಾಗುತ್ತದೆ.

ಈಗ 1948ಕ್ಕೆ ಬರೋಣ. ಇಡೀ ಕತೆಯ ಗಂಟು ಇರುವುದು ಅಲ್ಲಿ.

ಸಿಲೋನ್‌ನಲ್ಲಿ 1931ರಲ್ಲೇ ವಯಸ್ಕರ ಮತದಾನ ಬಂದಿತ್ತು. ತೋಟದ ಕಾರ್ಮಿಕರೂ ಮತ ಹಾಕುತ್ತಿದ್ದರು. 1947ರ ಚುನಾವಣೆಯಲ್ಲಿ ಇವರ ಪಕ್ಷವಾದ ಸಿಲೋನ್ ಇಂಡಿಯನ್ ಕಾಂಗ್ರೆಸ್ 7 ಸ್ಥಾನ ಗೆದ್ದಿತು. ಇನ್ನೂ ಹಲವು ಕ್ಷೇತ್ರಗಳಲ್ಲಿ ಇವರ ಮತಗಳು ಎಡಪಕ್ಷಗಳಿಗೆ ಹೋದವು. ಪ್ರಧಾನಿ ಡಿ.ಎಸ್. ಸೇನಾನಾಯಕರಿಗೆ ಇದು ಸಹಿಸದ ವಿಷಯ. ಬೆಟ್ಟದ ಸಿಂಹಳ ರೈತರಿಗೂ ಒಂದು ಸಿಟ್ಟಿತ್ತು. ಅವರ ಕಾಡು, ಹುಲ್ಲುಗಾವಲು ಕಿತ್ತುಕೊಂಡೇ ಬ್ರಿಟಿಷರು ತೋಟ ಮಾಡಿದ್ದರು. ಆ ಸಿಟ್ಟು ನ್ಯಾಯವಾದದ್ದೇ. ಆದರೆ ಅದು ಕಿತ್ತುಕೊಂಡ ಕಂಪನಿಗಳ ಮೇಲೆ ಹೋಗದೆ ಕೂಲಿಗಳ ಮೇಲೆ ಹೋಯಿತು.

ಸ್ವಾತಂತ್ರ್ಯ ಬಂದ ಅದೇ ವರ್ಷ ಸಿಲೋನ್ ಪೌರತ್ವ ಕಾಯಿದೆ ಮಾಡಿತು. ಪ್ರಜೆ ಎನಿಸಿಕೊಳ್ಳಲು ಅಪ್ಪ ಸಿಲೋನ್‌ನಲ್ಲಿ ಹುಟ್ಟಿರಬೇಕು, ಇಲ್ಲವೇ ಅಜ್ಜ ಮತ್ತು ಮುತ್ತಜ್ಜ ಅಲ್ಲಿ ಹುಟ್ಟಿರಬೇಕು. ಓದಿದರೆ ಸಾಮಾನ್ಯ ನಿಯಮದ ಹಾಗೆ ಕಾಣುತ್ತದೆ. ಅದನ್ನು ಲೈನ್ ಮನೆಯ ಬಾಗಿಲಿಗೆ ತಂದು ನೋಡಿ. 1890ರಲ್ಲಿ ತೋಟದಲ್ಲಿ ಹುಟ್ಟಿದ ಕೂಲಿಯ ಮಗುವಿಗೆ ಜನನ ಪತ್ರ ಯಾರು ಬರೆಸಿದ್ದರು? ಹೆರಿಗೆಗೆ ಊರಿಗೆ ಹೋಗಿ ಬರುವ ರೂಢಿ ಬೇರೆ ಇತ್ತು. ಸಿಂಹಳ ರೈತನ ಬಳಿಯೂ ಅಂಥ ಪತ್ರ ಇರಲಿಲ್ಲ, ಆದರೆ ಅವನನ್ನು ಯಾರೂ ಕೇಳಲಿಲ್ಲ. ಕೇಳಿದ್ದು ಇವರನ್ನು ಮಾತ್ರ. 1949ರಲ್ಲಿ ಇನ್ನೊಂದು ಕಾಯಿದೆ ಬಂತು, ಇಷ್ಟು ವರ್ಷ ಬಿಡದೆ ವಾಸ ಮಾಡಿದ ಭಾರತ ಮೂಲದವರು ಅರ್ಜಿ ಹಾಕಬಹುದು ಎಂದು. ಎಂಟು ಲಕ್ಷಕ್ಕೂ ಹೆಚ್ಚು ಜನರ ಪರವಾಗಿ ಅರ್ಜಿ ಹೋಯಿತು. ಒಪ್ಪಿಗೆ ಸಿಕ್ಕಿದ್ದು ಸುಮಾರು 1.34 ಲಕ್ಷ ಜನಕ್ಕೆ. ಅದೇ ಹೊತ್ತಿಗೆ ಪ್ರಜೆಗಳಲ್ಲದವರಿಗೆ ಮತ ಇಲ್ಲ ಎಂದು ಚುನಾವಣಾ ಕಾನೂನನ್ನೂ ತಿದ್ದಿದರು. ದೇಶಕ್ಕೆ ಅತಿ ಹೆಚ್ಚು ವಿದೇಶಿ ಹಣ ತರುತ್ತಿದ್ದ ಬೆಳೆಯನ್ನು ಕೀಳುವ ಜನ ಯಾವ ದೇಶದವರೂ ಅಲ್ಲದೆ ಉಳಿದರು.

ಭಾರತ ಸರ್ಕಾರ ಆಗ ಏನು ಮಾಡಿತು? ನೆಹರೂ ಸುಮ್ನೆ ಕೂರಲಿಲ್ಲ, ಆದರೆ ಬಗ್ಗಲೂ ಇಲ್ಲ. ನಮ್ಮ ಸಂವಿಧಾನದ 8ನೇ ವಿಧಿಯ ಪ್ರಕಾರ, ಹೊರದೇಶದಲ್ಲಿರುವ ಭಾರತ ಮೂಲದವರು ಇಷ್ಟಪಟ್ಟರೆ ಅಲ್ಲಿನ ಭಾರತದ ರಾಯಭಾರ ಕಚೇರಿಯಲ್ಲಿ ಹೆಸರು ಬರೆಸಿ ಪ್ರಜೆಗಳಾಗಬಹುದು. ಇಷ್ಟಪಟ್ಟರೆ ಮಾತ್ರ. ಅವರು ಅಲ್ಲೇ ಹುಟ್ಟಿ ಬೆಳೆದವರು, ಅಲ್ಲಿಗೇ ಸೇರಿದವರು, ಬಲವಂತದಿಂದ ಕಳಿಸಿದರೆ ನಾವು ಒಪ್ಪುವುದಿಲ್ಲ ಎಂಬುದು ನೆಹರೂ ನಿಲುವು. 1954ರ ಜನವರಿಯಲ್ಲಿ ಸಿಲೋನ್ ಪ್ರಧಾನಿ ಸರ್ ಜಾನ್ ಕೊಟೆಲವಾಲ ಜೊತೆ ಒಂದು ಒಪ್ಪಂದವಾಯಿತು. ಎರಡೂ ಕಡೆ ಅದನ್ನು ಬೇರೆ ಬೇರೆ ರೀತಿ ಓದಿಕೊಂಡರು, ಕೆಲಸ ಮುಂದೆ ಸಾಗಲಿಲ್ಲ. ನೆಹರೂ ಹಟ ಹಿಡಿದಿದ್ದರಿಂದ ಕಾರ್ಮಿಕರಿಗೆ ಪೌರತ್ವ ಸಿಕ್ಕಿತು ಅಂತ ಹೇಳಲಾಗದು. ಸಿಗಲಿಲ್ಲ. ಆದರೆ ಅವರ ಹಕ್ಕನ್ನು ಬಿಟ್ಟುಕೊಡುವ ಕಾಗದಕ್ಕೆ ಭಾರತ ಅಲ್ಲಿಯವರೆಗೆ ಸಹಿ ಹಾಕಿರಲಿಲ್ಲ.

1964ರ ಮೇ 27ರಂದು ನೆಹರೂ ತೀರಿಕೊಂಡರು. ಐದೇ ತಿಂಗಳಲ್ಲಿ ನಿಲುವು ಬದಲಾಯಿತು.

ಶಾಸ್ತ್ರಿಯವರ ಮುಂದೆ ಇದ್ದ ಕಷ್ಟಗಳನ್ನು ನೋಡದೆ ಅವರನ್ನು ದೂರುವುದು ತಪ್ಪು. ಚೀನಾ ಯುದ್ಧದಲ್ಲಿ ಸೋತು ಎರಡು ವರ್ಷ ಆಗಿತ್ತು. ಪಾಕಿಸ್ತಾನ ಚೀನಾದ ಹತ್ತಿರ ಹೋಗುತ್ತಿತ್ತು. ಬರ್ಮಾದಲ್ಲಿ ಸೇನಾ ಸರ್ಕಾರ ಅಂಗಡಿ ಮುಂಗಟ್ಟುಗಳನ್ನೆಲ್ಲ ರಾಷ್ಟ್ರೀಕರಣ ಮಾಡಿ, ಅಲ್ಲಿದ್ದ ಭಾರತೀಯರು ಬರಿಗೈಯಲ್ಲಿ ಹಡಗು ಹತ್ತುತ್ತಿದ್ದರು. ಸಿಲೋನ್ ಜೊತೆಗಾದರೂ ಜಗಳ ಮುಗಿಯಲಿ ಎಂದು ಹೊಸ ಪ್ರಧಾನಿಗೆ ಅನ್ನಿಸಿತ್ತು. ಇನ್ನೊಂದು ಕಡೆ ಸಿರಿಮಾವೋ. 1960ರಲ್ಲಿ ಜಗತ್ತಿನ ಮೊದಲ ಮಹಿಳಾ ಪ್ರಧಾನಿಯಾದವರು. 1962ರ ಡಿಸೆಂಬರ್‌ನಲ್ಲಿ ಭಾರತ ಮತ್ತು ಚೀನಾ ನಡುವೆ ಸಂಧಾನಕ್ಕೆಂದು ಆರು ದೇಶಗಳನ್ನು ಕೊಲಂಬೊದಲ್ಲಿ ಸೇರಿಸಿದ್ದರು. ಅವರ ಮಾತಿಗೆ ಆಗ ದೆಹಲಿಯಲ್ಲಿ ತೂಕವಿತ್ತು. ಅವರಿಗೂ ಊರಲ್ಲಿ ತೋರಿಸಲು ಒಂದು ಗೆಲುವು ಬೇಕಿತ್ತು.

ಮಾತುಕತೆ ಮುಗಿದಾಗ ಲೆಕ್ಕ ಹೀಗಿತ್ತು. ಪೌರತ್ವವಿಲ್ಲದವರು ಒಟ್ಟು 9.75 ಲಕ್ಷ. ಅವರಲ್ಲಿ 5.25 ಲಕ್ಷ ಜನರನ್ನು ಭಾರತ ತೆಗೆದುಕೊಳ್ಳಬೇಕು. 3 ಲಕ್ಷ ಜನಕ್ಕೆ ಸಿಲೋನ್ ಪೌರತ್ವ ಕೊಡಬೇಕು. ಈ ಎರಡೂ 15 ವರ್ಷದಲ್ಲಿ, 7ಕ್ಕೆ 4ರ ಪ್ರಮಾಣದಲ್ಲಿ ನಡೆಯಬೇಕು. ಉಳಿದ 1.5 ಲಕ್ಷ ಜನರ ವಿಷಯವನ್ನು ಎರಡೂ ಸರ್ಕಾರಗಳು ಮುಂದಕ್ಕೆ ಹಾಕಿದವು. ಆಸ್ತಿ ಹಂಚುವಾಗ ಅಣ್ಣತಮ್ಮಂದಿರು ದನಗಳನ್ನು ಎಣಿಸಿ ಬೇರೆ ಮಾಡುವ ಹಾಗೆ ಮನುಷ್ಯರನ್ನು ಎಣಿಸಿದರು. ಕಾರ್ಮಿಕರ ದೊಡ್ಡ ನಾಯಕ ಎಸ್. ತೊಂಡಮಾನ್ ಅವರನ್ನು ಯಾರೂ ಕೇಳಲಿಲ್ಲ. ಲೈನ್ ಮನೆಯಲ್ಲಿದ್ದವರನ್ನಂತೂ ಕೇಳುವ ಪ್ರಶ್ನೆಯೇ ಬರಲಿಲ್ಲ.

ನನ್ನ ಅಭಿಪ್ರಾಯ ನೇರವಾಗಿ ಹೇಳುತ್ತೇನೆ. ನೆರೆಯ ದೇಶದ ಜೊತೆ ಜಗಳ ಮುಗಿಸುವುದು ಸರ್ಕಾರದ ಕೆಲಸ, ಅದಕ್ಕೆ ಕೊಡುಕೊಳ್ಳುವಿಕೆ ಇದ್ದೇ ಇರುತ್ತದೆ. ಗಡಿ, ನೀರು, ಸಾಲ, ವ್ಯಾಪಾರ ಇವುಗಳಲ್ಲಿ ಒಂದಿಷ್ಟು ಬಿಟ್ಟುಕೊಡಬಹುದು. ಆದರೆ ಇಲ್ಲಿ ಬಿಟ್ಟುಕೊಟ್ಟದ್ದು ಯಾರಿಗೂ ಸೇರಿರದ ವಸ್ತುವನ್ನಲ್ಲ, ಲಕ್ಷಾಂತರ ಜನರ ಹುಟ್ಟಿದೂರನ್ನು. ಇಷ್ಟಪಟ್ಟು ಬರುವವರು ಎಷ್ಟು ಎಂದು ಮೊದಲು ತಿಳಿದು ಆಮೇಲೆ ಸಂಖ್ಯೆ ಬರೆಯಬೇಕಿತ್ತು. ಮೊದಲು ಸಂಖ್ಯೆ ಬರೆದು ಆಮೇಲೆ ಜನರನ್ನು ಹುಡುಕಲು ಹೊರಟರು.

ಹುಡುಕಿದಾಗ ಗೊತ್ತಾಗಿದ್ದು ಇದು. 1968ರಿಂದ 1970ರವರೆಗೆ ಅರ್ಜಿ ಹಾಕಲು ಸಮಯ ಕೊಟ್ಟರು. ಇಲ್ಲೇ ಇರುತ್ತೇವೆ, ಸಿಲೋನ್ ಪೌರತ್ವ ಕೊಡಿ ಎಂದವರ ಸಂಖ್ಯೆ 3 ಲಕ್ಷವನ್ನು ದಾಟಿ ಎಷ್ಟೋ ಮುಂದೆ ಹೋಯಿತು. ಭಾರತಕ್ಕೆ ಹೋಗುತ್ತೇವೆ ಎಂದವರು 5.25 ಲಕ್ಷ ಮುಟ್ಟಲೇ ಇಲ್ಲ. ಅಂದರೆ ಜನರ ಮನಸ್ಸು ಒಪ್ಪಂದದ ಲೆಕ್ಕಕ್ಕೆ ಪೂರ್ತಿ ಉಲ್ಟಾ ಇತ್ತು. ಸಹಜ ತಾನೆ? ಅವರಿಗೆ ಭಾರತ ಅಂದರೆ ಅಜ್ಜಿ ಹೇಳಿದ ಒಂದು ಊರಿನ ಹೆಸರು, ಒಂದು ಕುಲದೇವರ ಗುಡಿ, ಅಷ್ಟೇ.

ಹಾಗಿದ್ದರೂ ಇಷ್ಟೊಂದು ಜನ ಬಂದದ್ದು ಹೇಗೆ ಅಂತ ನೀವು ಕೇಳಬಹುದು. ಎರಡು ಕಾರಣ. ಒಂದು, ಕಾನೂನಿನ ಒತ್ತಡ. ಸಿರಿಮಾವೋ 1970ರಲ್ಲಿ ಮತ್ತೆ ಅಧಿಕಾರಕ್ಕೆ ಬಂದ ಮೇಲೆ ನಿಯಮ ಬಿಗಿಯಾಯಿತು. ಏಳು ಜನ ನಿಜವಾಗಿ ಹಡಗು ಹತ್ತಿದ ಮೇಲೇ ನಾಲ್ಕು ಜನಕ್ಕೆ ಪೌರತ್ವ. ಎರಡು, ಹಸಿವು. 1973, 74ರಲ್ಲಿ ಶ್ರೀಲಂಕಾದಲ್ಲಿ ಅಕ್ಕಿ, ಹಿಟ್ಟು ಸಿಗದ ಸ್ಥಿತಿ ಬಂತು. ತೋಟಗಳಲ್ಲಿ ಜನ ಹಸಿವಿನಿಂದ ಸತ್ತರು. ಹಳ್ಳಿಯವರಿಗೆ ಒಂದು ತುಂಡು ಗದ್ದೆಯಾದರೂ ಇತ್ತು, ಇವರಿಗೆ ಗೆಣಸು ನೆಡಲು ಅಂಗಳವೂ ಇರಲಿಲ್ಲ. 1972 ಮತ್ತು 75ರ ಭೂಸುಧಾರಣೆಯಲ್ಲಿ ತೋಟಗಳು ಸರ್ಕಾರದ ಕೈಗೆ ಹೋದವು, ಹಲವೆಡೆ ಕಾರ್ಮಿಕರನ್ನು ಲೈನ್ ಮನೆಯಿಂದ ಹೊರಹಾಕಿದರು. 1977ರಲ್ಲಿ ಗಲಭೆಯಾಗಿ ತೋಟದ ತಮಿಳರ ಮೇಲೆ ದಾಳಿ ನಡೆಯಿತು. ಈ ಎಲ್ಲದರ ನಡುವೆ ಭಾರತದ ಪಾಸ್‌ಪೋರ್ಟ್‌ಗೆ ಹೆಬ್ಬೆಟ್ಟು ಒತ್ತಿದವರನ್ನು ಇಷ್ಟಪಟ್ಟು ಬಂದವರು ಎಂದು ಕರೆಯಲು ನನಗಂತೂ ಮನಸ್ಸು ಬರುವುದಿಲ್ಲ.

ಕ್ಯಾಂಡಿಯಲ್ಲಿದ್ದ ಭಾರತದ ಸಹಾಯಕ ಹೈಕಮಿಷನ್ ಕಚೇರಿಯಲ್ಲಿ ಪಾಸ್‌ಪೋರ್ಟ್ ಮತ್ತು ಕುಟುಂಬದ ಕಾರ್ಡ್ ಕೊಡುತ್ತಿದ್ದರು. ಯಾರು ಯಾರು, ವಯಸ್ಸೆಷ್ಟು, ಭಾರತದಲ್ಲಿ ಏನು ಕೆಲಸ ಕೊಡಬೇಕು ಎಂಬುದು ಆ ಕಾರ್ಡಿನಲ್ಲಿ. ಬೆಟ್ಟದ ಸ್ಟೇಷನ್ನುಗಳಿಂದ ತಲೈಮನ್ನಾರ್‌ಗೆ ಹೋಗುವ ರೈಲಿಗೆ ಜನ 'ಅಳುಗೈ ಕೋಚ್ಚಿ' ಅನ್ನುತ್ತಿದ್ದರು, ಅಳುವ ರೈಲು. ಅಲ್ಲಿನ ಪೌರತ್ವ ಸಿಕ್ಕವರು ಪ್ಲಾಟ್‌ಫಾರಂ ಮೇಲೆ, ಸಿಗದವರು ರೈಲಿನೊಳಗೆ. ಒಂದೇ ಮನೆಯ ಅಣ್ಣ ಅಲ್ಲಿ ಉಳಿದು ತಂಗಿ ಇಲ್ಲಿಗೆ ಬಂದ ಉದಾಹರಣೆ ಬೇಕಾದಷ್ಟಿವೆ. ಅರ್ಜಿಗಳನ್ನು ಪರಿಶೀಲಿಸಿದ್ದು ಸಂಸಾರವಾಗಿ, ಮದುವೆಯಾದ ಮಕ್ಕಳದು ಬೇರೆ ಅರ್ಜಿ. ತಲೈಮನ್ನಾರ್‌ನಿಂದ ರಾಮೇಶ್ವರಕ್ಕೆ ಹಡಗು. ಮೊದಲು ಈ ಹಡಗು ಧನುಷ್ಕೋಡಿಗೆ ಬರುತ್ತಿತ್ತು. ಒಪ್ಪಂದಕ್ಕೆ ಸಹಿ ಬಿದ್ದು ಎರಡು ತಿಂಗಳೂ ತುಂಬುವ ಮೊದಲೇ, 1964ರ ಡಿಸೆಂಬರ್ 22ರ ರಾತ್ರಿಯ ಚಂಡಮಾರುತದಲ್ಲಿ ಧನುಷ್ಕೋಡಿ ಊರೇ ಕೊಚ್ಚಿಹೋಯಿತು. ರಾಮೇಶ್ವರದಿಂದ ಮಂಡಪಂ ಕ್ಯಾಂಪ್. ಬ್ರಿಟಿಷರ ಕಾಲದಲ್ಲಿ ಸಿಲೋನ್‌ಗೆ ಹೋಗುವ ಕೂಲಿಗಳನ್ನು ರೋಗ ತಪಾಸಣೆಗೆ ಕೂಡಿಹಾಕುತ್ತಿದ್ದ ಕ್ಯಾಂಪ್ ಅದು. ಅಜ್ಜ ಹೋಗುವಾಗ ನಿಂತ ಜಾಗದಲ್ಲೇ ಮೊಮ್ಮಗ ಬರುವಾಗ ನಿಂತ.

ಮಂಡಪಂನಿಂದ ಎಲ್ಲಿಗೆ ಎಂಬುದನ್ನು ಸರ್ಕಾರ ತೀರ್ಮಾನಿಸುತ್ತಿತ್ತು. ಹೆಚ್ಚಿನವರು ತಮಿಳುನಾಡಿನಲ್ಲೇ ಉಳಿದರು. ನೀಲಗಿರಿಯ ಗೂಡಲೂರು, ಕೋಟಗಿರಿ, ಕೂನೂರು ಕಡೆ ಇವರಿಗೆಂದೇ ಸರ್ಕಾರಿ ಚಹಾ ತೋಟಗಳಾದವು, ಈಗಿನ ಟ್ಯಾನ್‌ಟೀ ಅದೇ. ಕೇರಳದ ಪುನಲೂರಿನಲ್ಲಿ ರಬ್ಬರ್ ತೋಟ. ದೂರದ ನಿಕೋಬಾರಿನ ಕಚಾಲ್ ದ್ವೀಪಕ್ಕೂ ಕೆಲವು ಕುಟುಂಬಗಳನ್ನು ಕಳಿಸಿದರು. ಆಂಧ್ರದಲ್ಲಿ ನೂಲಿನ ಗಿರಣಿಗಳು. ಬರ್ಮಾ ಮತ್ತು ಸಿಲೋನ್‌ನಿಂದ ಬಂದವರಿಗೆ ಸಾಲ ಕೊಡಲೆಂದೇ 1969ರಲ್ಲಿ ರೆಪ್ಕೊ ಬ್ಯಾಂಕ್ ಶುರುವಾಯಿತು. ಕರ್ನಾಟಕದ ಪಾಲಿಗೆ ಬಂದದ್ದು ನಿಮ್ಮ ಸುಳ್ಯ, ಪುತ್ತೂರು.

ಯಾಕೆ ಅಲ್ಲೇ? ರಬ್ಬರಿಗೆ ಬೇಕಾದ ಮಳೆ, ಸೆಖೆ, ಇಳಿಜಾರು ಅಲ್ಲಿದೆ. ಅರಣ್ಯ ಇಲಾಖೆಯ ಕೈಯಲ್ಲಿ ಜಾಗವಿತ್ತು. ಕೇಂದ್ರ ಹಣ ಕೊಡುತ್ತೇನೆ ಎಂದಿತು. 1971ರಲ್ಲಿ ಹುಟ್ಟಿದ ಕರ್ನಾಟಕ ಅರಣ್ಯ ಅಭಿವೃದ್ಧಿ ನಿಗಮ ಈ ಕೆಲಸ ವಹಿಸಿಕೊಂಡಿತು. ಮೇದಿನಡ್ಕ, ಐವರ್ನಾಡು ಮೊದಲಾದ ಕಡೆ ನಾಲ್ಕು ಸಾವಿರಕ್ಕೂ ಹೆಚ್ಚು ಹೆಕ್ಟೇರ್ ರಬ್ಬರ್ ಎದ್ದಿತು. ನೀವು ದಿನಾ ನೋಡುವ ಆ ತೋಟ ತಾನಾಗಿ ಬೆಳೆದದ್ದಲ್ಲ. ರಬ್ಬರ್ ಸಸಿ ನೆಟ್ಟು ಹಾಲು ಬರಲು ಸುಮಾರು ಏಳು ವರ್ಷ ಬೇಕು. ಅಷ್ಟು ವರ್ಷ ಕಾಡು ಕಡಿದು, ಗುಂಡಿ ತೆಗೆದು, ಕಳೆ ಕಿತ್ತವರು ಇವರೇ. ಇವರಲ್ಲಿ ಬಹಳಷ್ಟು ಜನ ಚಹಾ ಕೀಳಲು ಕಲಿತವರು. ಬೆರಳ ತುದಿಯಲ್ಲಿ ಎರಡೆಲೆ ಒಂದು ಮೊಗ್ಗು ಚಿವುಟುತ್ತಿದ್ದ ಕೈ ಬಾಗಿದ ಚಾಕು ಹಿಡಿಯಬೇಕಾಯಿತು. ಬೆಳಕು ಹರಿಯುವ ಮೊದಲೇ ತಲೆಗೆ ಟಾರ್ಚ್ ಕಟ್ಟಿಕೊಂಡು ಹೋಗಬೇಕು, ಬಿಸಿಲೇರಿದರೆ ಹಾಲು ಹರಿಯುವುದು ಕಡಿಮೆಯಾಗುತ್ತದೆ. ತೊಗಟೆಯನ್ನು ಓರೆಯಾಗಿ, ಕೂದಲೆಳೆಯಷ್ಟು ಮಾತ್ರ ಕೆತ್ತಬೇಕು. ಸ್ವಲ್ಪ ಆಳ ಹೋದರೆ ಮರಕ್ಕೆ ಗಾಯ, ಮೇಲೆ ಮೇಲೆ ಕೆತ್ತಿದರೆ ಹಾಲಿಲ್ಲ. ಮಳೆಗಾಲಕ್ಕೆ ಮುಂಚೆ ಮರಮರಕ್ಕೂ ಪ್ಲಾಸ್ಟಿಕ್ ಕಟ್ಟಬೇಕು, ಇಲ್ಲದಿದ್ದರೆ ನಿಮ್ಮ ಕಡೆಯ ಮಳೆಗೆ ಕಪ್ಪಿನಲ್ಲಿ ನೀರು ಬಿಟ್ಟು ಬೇರೇನೂ ಸಿಗದು.

ಅಂತೂ ಒಪ್ಪಂದದ ಅಡಿಯಲ್ಲಿ ಮಕ್ಕಳನ್ನೂ ಸೇರಿಸಿ ನಾಲ್ಕೂವರೆ ಲಕ್ಷಕ್ಕೂ ಹೆಚ್ಚು ಜನ ಭಾರತಕ್ಕೆ ಬಂದರು.

ಇಷ್ಟು ಕೊಟ್ಟದ್ದಕ್ಕೆ ಭಾರತಕ್ಕೆ ಶ್ರೀಲಂಕಾದ ಸ್ನೇಹ ಸಿಕ್ಕಿತಾ? ಒಂದೇ ವರ್ಷದ ಎರಡು ಘಟನೆ ನೋಡಿ. 1971ರ ಏಪ್ರಿಲ್‌ನಲ್ಲಿ ಜೆವಿಪಿ ಎಂಬ ಎಡಪಂಥೀಯ ಸಂಘಟನೆಯ ಯುವಕರು ಸಿರಿಮಾವೋ ಸರ್ಕಾರದ ವಿರುದ್ಧ ದಂಗೆ ಎದ್ದಾಗ ಭಾರತ ಕೂಡಲೇ ಹೆಲಿಕಾಪ್ಟರ್, ನೌಕಾಪಡೆ ಕಳಿಸಿ ನೆರವಾಯಿತು. ಅದೇ ವರ್ಷ ಪೂರ್ವ ಪಾಕಿಸ್ತಾನದ ಬಿಕ್ಕಟ್ಟಿನಲ್ಲಿ, ಭಾರತದ ಆಕಾಶ ಮುಚ್ಚಿದ್ದರಿಂದ ಸುತ್ತಿ ಹೋಗಬೇಕಾದ ಪಾಕಿಸ್ತಾನದ ವಿಮಾನಗಳಿಗೆ ಇಂಧನ ತುಂಬಿಸಿಕೊಳ್ಳಲು ಕೊಲಂಬೊ ಜಾಗ ಕೊಟ್ಟಿತು. ಅದಕ್ಕೆ ಶ್ರೀಲಂಕಾವನ್ನು ದೂಷಿಸಬೇಕಿಲ್ಲ. ದೊಡ್ಡ ದೇಶದ ಪಕ್ಕದ ಚಿಕ್ಕ ದ್ವೀಪ ಎಲ್ಲರ ಜೊತೆಗೂ ಒಂದೊಂದು ದಾರಿ ತೆರೆದಿಟ್ಟುಕೊಳ್ಳುತ್ತದೆ. ಆದರೆ ಒಂದು ಉಪಕಾರಕ್ಕೆ ಶಾಶ್ವತ ಸ್ನೇಹ ಸಿಗುತ್ತದೆ ಎಂಬ ನಂಬಿಕೆಯ ಮೇಲೆ ಜನರ ಬದುಕನ್ನು ಪಣಕ್ಕಿಡಬಾರದಿತ್ತು.

1974ರಲ್ಲಿ ಇಂದಿರಾ ಗಾಂಧಿ ಅದೇ ದಾರಿಯಲ್ಲಿ ಮುಂದೆ ಹೋದರು. ಜನವರಿಯಲ್ಲಿ ಸಿರಿಮಾವೋ ದೆಹಲಿಗೆ ಬಂದಾಗ ಬಾಕಿ ಉಳಿದಿದ್ದ 1.5 ಲಕ್ಷ ಜನರನ್ನು ತಲಾ 75 ಸಾವಿರದಂತೆ ಹಂಚಿಕೊಂಡರು. ಜೂನ್‌ನಲ್ಲಿ ಸಮುದ್ರದ ಗಡಿ ಗೆರೆ ಎಳೆದರು, 285 ಎಕರೆಯ ಕಚ್ಚತೀವು ಶ್ರೀಲಂಕಾ ಕಡೆಗೆ ಹೋಯಿತು. ಕಚ್ಚತೀವು ಬಗ್ಗೆ ಚುನಾವಣೆ ಬಂದಾಗಲೆಲ್ಲ ಭಾಷಣ ಕೇಳುತ್ತೇವೆ. ಕುಡಿಯುವ ನೀರೂ ಇಲ್ಲದ ಆ ದ್ವೀಪದ ಬಗ್ಗೆ ಇರುವ ಕಾಳಜಿಯ ಕಾಲುಭಾಗ ಆ ಒಂದೂವರೆ ಲಕ್ಷ ಜನರ ಬಗ್ಗೆ ಇದ್ದಿದ್ದರೆ ಎಂದು ನನಗೆ ಎಷ್ಟೋ ಸಲ ಅನ್ನಿಸಿದೆ.

ಮುಂದಿನದನ್ನು ಬೇಗ ಹೇಳುತ್ತೇನೆ. ಒಪ್ಪಂದದ ಅವಧಿ 1981ರ ಅಕ್ಟೋಬರ್‌ನಲ್ಲಿ ಮುಗಿಯಿತು. ಇನ್ನು ಹೊಸ ಅರ್ಜಿ ತೆಗೆದುಕೊಳ್ಳುವುದಿಲ್ಲ ಎಂದು ಭಾರತ ಹೇಳಿತು. 1983ರ ಜುಲೈನಲ್ಲಿ ಕೊಲಂಬೊದಲ್ಲಿ ತಮಿಳರ ಹತ್ಯಾಕಾಂಡ ನಡೆಯಿತು. ಯುದ್ಧ ಶುರುವಾಗಿ, 1984ರ ಹೊತ್ತಿಗೆ ರಾಮೇಶ್ವರದ ಹಡಗೂ ನಿಂತಿತು. ಪಾಸ್‌ಪೋರ್ಟ್ ಸಿದ್ಧವಾಗಿ ಹೊರಡಲು ಕಾಯುತ್ತಿದ್ದವರು ಅಲ್ಲೇ ಉಳಿದರು. ನಿಮ್ಮ ಊರಿನವರು ಹೇಳುವ ಯುದ್ಧಕಾಲದ ನಿರಾಶ್ರಿತರು ಬಂದದ್ದು ಇದರ ನಂತರ. ಅವರು ಹೆಚ್ಚಾಗಿ ಜಾಫ್ನಾ, ಮನ್ನಾರ್, ವವುನಿಯಾ ಕಡೆಯವರು, ದೋಣಿಯಲ್ಲಿ ಬಂದವರು, ತಮಿಳುನಾಡಿನ ಕ್ಯಾಂಪುಗಳಲ್ಲಿ ಇದ್ದವರು. ಅವರಲ್ಲಿ ಬೆಟ್ಟದ ತೋಟಗಳಿಂದ ಗಲಭೆಗೆ ಹೆದರಿ ವವುನಿಯಾಕ್ಕೆ ಹೋಗಿ, ಅಲ್ಲಿಂದ ಇಲ್ಲಿಗೆ ಬಂದವರೂ ಸಾವಿರಾರು ಜನ ಇದ್ದಾರೆ. ಅವರ ಸ್ಥಿತಿ ಇನ್ನೂ ಕಷ್ಟ. ಅದೇ ತೋಟ, ಅದೇ ಊರು, ಬಹುಶಃ ಅದೇ ವಂಶ. 1980ಕ್ಕೆ ಮೊದಲು ಹಡಗಿನಲ್ಲಿ ಬಂದವನು ಪ್ರಜೆ, 1984ರ ನಂತರ ದೋಣಿಯಲ್ಲಿ ಬಂದವನು ಕಾನೂನಿನ ಕಣ್ಣಿಗೆ ಅಕ್ರಮ ವಲಸಿಗ. 2019ರ ಪೌರತ್ವ ತಿದ್ದುಪಡಿ ಕಾಯಿದೆಯಲ್ಲೂ ಶ್ರೀಲಂಕಾದ ಹೆಸರಿಲ್ಲ.

1987ರ ರಾಜೀವ್ ಗಾಂಧಿ ಮತ್ತು ಶ್ರೀಲಂಕಾ ಅಧ್ಯಕ್ಷ ಜಯವರ್ಧನೆ ಒಪ್ಪಂದ ಉತ್ತರ, ಪೂರ್ವ ಭಾಗದ ತಮಿಳರದ್ದು. ಅದು ಬೇರೆಯೇ ದೊಡ್ಡ ವಿಷಯ. ಆದರೆ ಆ ಕಾಲದಲ್ಲೇ ಶ್ರೀಲಂಕಾಕ್ಕೆ ತೋಟದವರ ಪೌರತ್ವದ ವಿಷಯ ಮುಗಿಸಬೇಕು ಅನ್ನಿಸಿತು, 1986 ಮತ್ತು 1988ರಲ್ಲಿ ಕಾಯಿದೆ ಮಾಡಿತು. 2003ರಲ್ಲಿ ಬಂದ ಕಾಯಿದೆ ಕೊನೆಯ ಬಾಕಿಯನ್ನೂ ತೀರಿಸಿತು. 1964ರ ಅಕ್ಟೋಬರ್ 30ರಿಂದ ಶ್ರೀಲಂಕಾದಲ್ಲೇ ವಾಸವಿರುವ ಭಾರತ ಮೂಲದವರು ಮತ್ತು ಅವರ ಸಂತತಿ ಎಲ್ಲರೂ ಅರ್ಹರು ಎಂದಿತು. ಒಪ್ಪಂದಕ್ಕೆ ಸಹಿ ಬಿದ್ದ ದಿನಾಂಕವೇ ಅದು. ಸಂಸತ್ತಿನಲ್ಲಿ ಯಾರೂ ವಿರೋಧಿಸಲಿಲ್ಲ. 1948ರಲ್ಲೇ ಇದು ಆಗಬಹುದಿತ್ತು ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕಾ? ಅಲ್ಲಿ ಉಳಿದವರಿಗೆ ಪೌರತ್ವ ಸಿಕ್ಕಿದೆ, ಮಂತ್ರಿಗಳಾಗಿದ್ದಾರೆ. ಲೈನ್ ಮನೆ ಮಾತ್ರ ಪೂರ್ತಿ ಹೋಗಿಲ್ಲ. ಭಾರತ ಈಗ ಅಲ್ಲಿ ಮನೆ ಕಟ್ಟಿಸಿಕೊಡುತ್ತಿದೆ. ಮೊದಲು 4,000 ಮನೆ, 2017ರ ಮೇ ತಿಂಗಳಲ್ಲಿ ಪ್ರಧಾನಿ ಮೋದಿ ನೋರ್‌ವುಡ್‌ಗೆ ಹೋದಾಗ ಇನ್ನೂ 10,000 ಎಂದು ಘೋಷಣೆಯಾಯಿತು. ದಿಕೋಯಾದಲ್ಲಿ ಆಸ್ಪತ್ರೆ ಕಟ್ಟಿಸಿದೆ. ಒಳ್ಳೆಯ ಕೆಲಸ, ಮನಸಾರೆ ಒಪ್ಪುತ್ತೇನೆ. ಹ್ಯಾಟನ್‌ನಲ್ಲಿ ಮನೆ ಕಟ್ಟಿಸುವ ನಮ್ಮ ಸರ್ಕಾರಗಳು ಸುಳ್ಯದ, ಗೂಡಲೂರಿನ ಕ್ವಾರ್ಟರ್ಸ್ ಕಡೆಗೂ ನೋಡಬೇಕು, ಅಷ್ಟೇ ನನ್ನ ಮಾತು. ನಿಗಮದ ಮನೆ ಕೆಲಸ ಇರುವವರೆಗೆ ಮಾತ್ರ. ನಿವೃತ್ತಿಯಾದರೆ, ಮನೆಯಲ್ಲಿ ಬೇರೆ ಯಾರೂ ತೋಟದ ಕೆಲಸಕ್ಕಿಲ್ಲದಿದ್ದರೆ, ಎಲ್ಲಿಗೆ ಹೋಗುವುದು? ಸ್ವಂತ ಜಾಗ ಮಾಡಿಕೊಂಡವರಿದ್ದಾರೆ, ಮಾಡಿಕೊಳ್ಳಲಾಗದವರೂ ಇದ್ದಾರೆ.

ಇನ್ನೊಂದು ತೊಡಕು ಜಾತಿ ಪ್ರಮಾಣಪತ್ರದ್ದು. ಇವರಲ್ಲಿ ಹಲವರು ತಮಿಳುನಾಡಿನ ಪರಿಶಿಷ್ಟ ಜಾತಿ ಮೂಲದವರು. ಪರಿಶಿಷ್ಟರ ಪಟ್ಟಿ ರಾಜ್ಯ ರಾಜ್ಯಕ್ಕೆ ಬೇರೆ, ಒಂದು ರಾಜ್ಯದಿಂದ ಇನ್ನೊಂದಕ್ಕೆ ತಾನಾಗಿ ಹೋದವರಿಗೆ ಹೋದ ಕಡೆ ಮೀಸಲಾತಿ ಸಿಗುವುದಿಲ್ಲ ಎಂದು ಸುಪ್ರೀಂ ಕೋರ್ಟ್ ಹೇಳಿದೆ. ಆ ನಿಯಮವನ್ನು ಇವರಿಗೂ ಅನ್ವಯಿಸಿ ಅರ್ಜಿ ತಿರಸ್ಕರಿಸಿದ್ದರಿಂದ ಓದು ಬಿಟ್ಟ ಮಕ್ಕಳಿದ್ದಾರೆ. ಇವರು ಕೆಲಸ ಹುಡುಕಿಕೊಂಡು ಗಡಿ ದಾಟಿದವರಲ್ಲ. ಭಾರತ ಸರ್ಕಾರ ಮಾಡಿದ ಒಪ್ಪಂದದಂತೆ, ಕರ್ನಾಟಕ ಸರ್ಕಾರ ತೋರಿಸಿದ ಜಾಗಕ್ಕೆ ಬಂದವರು. ಈ ವ್ಯತ್ಯಾಸವನ್ನು ಕಂದಾಯ ಕಚೇರಿಯಲ್ಲಿ ಕೂತವರು ಒಪ್ಪಬೇಕು, ಒಪ್ಪದಿದ್ದರೆ ರಾಜ್ಯ ಸರ್ಕಾರ ಸ್ಪಷ್ಟ ಆದೇಶ ಮಾಡಬೇಕು.

ಕೊನೆಗೆ ನಿಮ್ಮ ಮೂರನೇ ಪ್ರಶ್ನೆ. ಒಪ್ಪಂದದ ಅಡಿ ಬಂದವರ ಮಕ್ಕಳು ಪೌರತ್ವಕ್ಕೆ ಯಾವ ಅರ್ಜಿಯನ್ನೂ ಹಾಕಬೇಕಿಲ್ಲ. 1987ರ ಜುಲೈ 1ಕ್ಕೆ ಮೊದಲು ಇಲ್ಲಿ ಹುಟ್ಟಿದವರು ಹುಟ್ಟಿನಿಂದಲೇ ಪ್ರಜೆಗಳು. ಅದರ ನಂತರ ಹುಟ್ಟಿದವರಿಗೆ ತಂದೆ ಅಥವಾ ತಾಯಿ ಪ್ರಜೆಯಾಗಿರಬೇಕು, 2004ರ ಡಿಸೆಂಬರ್ 3ರಿಂದ ಈಚೆಗೆ ಹುಟ್ಟಿದವರಿಗೆ ಜೊತೆಗೆ ಇನ್ನೊಬ್ಬರು ಅಕ್ರಮ ವಲಸಿಗರಾಗಿರಬಾರದು. ಇಬ್ಬರೂ ಒಪ್ಪಂದದ ಕುಟುಂಬದವರಾದರೆ ಏನೂ ತೊಂದರೆ ಇಲ್ಲ. ತಂದೆ ತಾಯಿಯಲ್ಲಿ ಒಬ್ಬರು 1983ರ ನಂತರ ದೋಣಿಯಲ್ಲಿ ಬಂದವರಾಗಿದ್ದರೆ ಮಾತ್ರ ವಕೀಲರನ್ನು ಕೇಳುವುದು ಒಳ್ಳೆಯದು. ಯಾರಾದರೂ ದಾಖಲೆ ಕೇಳಿದಾಗ ಕೆಲಸಕ್ಕೆ ಬರುವುದು ಎರಡೇ: ಅಜ್ಜನ ಕಾಲದ ಭಾರತದ ಪಾಸ್‌ಪೋರ್ಟ್, ಮತ್ತು ಆ ಕುಟುಂಬದ ಕಾರ್ಡ್. ಎಷ್ಟೋ ಮನೆಗಳಲ್ಲಿ ಅವು ಟ್ರಂಕಿನ ತಳದಲ್ಲಿ ಗೆದ್ದಲು ಹಿಡಿಯುತ್ತಿವೆ. ಪಕ್ಕದ ಮನೆಯವರಿಗೆ ಹೇಳಿ, ಅವನ್ನು ತೆಗೆದು, ಪ್ರತಿ ಪುಟದ ಫೋಟೊ ತೆಗೆಸಿ, ಜೆರಾಕ್ಸ್ ಮಾಡಿಸಿ, ದೃಢೀಕರಿಸಿ ಇಟ್ಟುಕೊಳ್ಳಲಿ. ಕಾರ್ಡ್ ಕಳೆದುಹೋಗಿದ್ದರೆ ನಿಗಮದ ಹಳೆಯ ಸೇವಾ ಪುಸ್ತಕದಲ್ಲಿ ಕೆಲಸಕ್ಕೆ ಸೇರಿಸಿಕೊಂಡ ಆಧಾರ ಬರೆದಿರುತ್ತದೆ. ಅದರ ಪ್ರತಿಗೆ ಮಾಹಿತಿ ಹಕ್ಕಿನ ಅಡಿ ಅರ್ಜಿ ಹಾಕಬಹುದು.